ಓದುವವರು ಅವರು, ಆರಿಸುವವರು ನಾವು

ಮಕ್ಕಳಿಗೆ ಪುಸ್ತಕ ಆರಿಸುವುದೂ ಹಿಂದಿನ ಕಾಲದಲ್ಲಿ ಹುಡುಗಿಗೆ ಗಂಡು ಹುಡುಕುತ್ತಿದ್ದುದೂ ಹೆಚ್ಚುಕಡಿಮೆ ಒಂದೇ. ಮನೆಮಂದಿಯೆಲ್ಲ ಸೇರಿ ನೋಡುತ್ತಾರೆ, ತಿರುಗಿಸಿ ಮುರುಗಿಸಿ ವಿಚಾರಿಸುತ್ತಾರೆ, ಬಾಳಬೇಕಾದವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಶಿರಸಿ ಪೇಟೆಯಲ್ಲಿ ಮಕ್ಕಳ ಪುಸ್ತಕದ ಸಣ್ಣ ಅಂಗಡಿ ಇಟ್ಟುಕೊಂಡು ಕೂತವಳು ನಾನು. ಇಂಥ ಪ್ರಸಂಗ ಒಂದಾದರೂ ನಡೆಯದ ದಿನ ಬಾಗಿಲು ಹಾಕುವಾಗ ಏನೋ ಮರೆತು ಹೊರಟ ಹಾಗೆ ಅನ್ನಿಸುತ್ತದೆ.

ಅಂಗಡಿ ಶಿರಸಿಯಲ್ಲಾದರೂ ತಿರುಗಾಟ ಎಲ್ಲ ಕಡೆ. ಸಿದ್ದಾಪುರ, ಯಲ್ಲಾಪುರದ ಶಾಲೆಗಳಲ್ಲಿ ವಾರ್ಷಿಕೋತ್ಸವದ ಗ್ಯಾದರಿಂಗ್ ಇರಲಿ, ಪಾಲಕರ ಸಭೆ ಇರಲಿ, ಹಳೇ ಓಮ್ನಿಯ ಹಿಂದೆ ಪುಸ್ತಕದ ಪೆಟ್ಟಿಗೆ ತುಂಬಿಕೊಂಡು ಹೊರಟುಬಿಡುತ್ತೇನೆ. ನನ್ನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ‘ಪುಸ್ತಕದಕ್ಕ’ ಅಂದರೆ ಮೂರೂ ತಾಲೂಕಿಗೆ ಗೊತ್ತು. ಮಗುವಿನ ಮುಖ ನೋಡಿ ಪುಸ್ತಕ ಕೊಡುತ್ತಾಳೆ ಅನ್ನುವ ಖ್ಯಾತಿ ಬೇರೆ. ಕಥೆಯನ್ನು ಅರ್ಧ ಹೇಳಿ, ಉಳಿದದ್ದನ್ನು ಓದಿಕೊಳ್ಳಿ ಅಂತ ಪುಸ್ತಕ ಕೈಗೆ ಕೊಡುವುದು ನನ್ನ ಪದ್ಧತಿ.

ಖ್ಯಾತಿ ಹಾಗಿರಲಿ, ಮನೆಯ ವಿಷಯ ಹೇಳಿಬಿಡುತ್ತೇನೆ. ನನ್ನ ಮಗಳಿಗೆ ಹದಿಮೂರು ವರ್ಷ. ನಾನು ಆರಿಸಿ ಕೊಟ್ಟ ಒಂದೇ ಒಂದು ಪುಸ್ತಕವನ್ನೂ ಅವಳು ಓದಿದವಳಲ್ಲ. ಊರಿಗೆಲ್ಲ ಕಷಾಯ ಕೊಡುವ ಪಂಡಿತರ ಮನೆಯಲ್ಲೇ ಕೆಮ್ಮು ಅಂದರೆ ಕಷಾಯ ಕುಡಿಯುವವರು ಯಾರು? ಈ ಗುಟ್ಟು ಹೊರಗೆ ಬಿದ್ದರೆ ನನ್ನ ಮಾತಿಗೆ ಕಿಮ್ಮತ್ತಿಲ್ಲ ಅನ್ನುವ ಹೆದರಿಕೆ ಒಂದು ಕಡೆ. ಅದಕ್ಕಿಂತ ಹೆಚ್ಚಿನ ಬೇಜಾರು ಇನ್ನೊಂದು. ಊರ ಮಕ್ಕಳೆಲ್ಲ ನನ್ನ ಹತ್ತಿರ ಬಂದು ತಾವು ಓದಿದ್ದನ್ನು ಹೇಳುತ್ತಾರೆ, ನನ್ನ ಮಗಳ ಜೊತೆ ಕೂತು ಒಂದು ಕಥೆಯ ಬಗ್ಗೆ ಮಾತಾಡುವ ಯೋಗ ಮಾತ್ರ ನನಗಿಲ್ಲ.

ಚೀಲದ ಮಧ್ಯ

ಒಂದು ದಿನ ಕೋಲಸಿರ್ಸಿ ಕಡೆಯ ಅಜ್ಜ ಒಬ್ಬರು ಬಂದರು. ವಖಾರಿಗೆ ಅಡಿಕೆ ಕೊಟ್ಟು, ಸಿದ್ದಾಪುರದ ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಒಳಗೆ ಹೊಕ್ಕವರು. ಬಾಯಲ್ಲಿ ಎಲೆ ಅಡಿಕೆಯ ಕವಳ, ಕಂಕುಳಲ್ಲಿ ಕೊಡೆ.

“ಮೊಮ್ಮಗ ರಜೆಗೆ ಮನೆಗೆ ಬೈಂದ ತಂಗಿ. ಎಂಟನೇ ಕ್ಲಾಸು. ಮೊಬೈಲು ಬಿಟ್ಟು ತಲೆ ಎತ್ತತ್ನಿಲ್ಲೆ. ಒಂದು ಚೊಲೋ ಪುಸ್ತಕ ಕೊಡು.”

ನಾನು ಒಂದನ್ನು ತೆಗೆದು ಕಥೆ ಶುರುಮಾಡಿದೆ. ಅಜ್ಜ ಕೈ ಅಡ್ಡ ಹಿಡಿದರು. “ನೀ ಹೇಳಡ. ಮಾರವ ಹೇಳ್ದಾಂಗೆ ತಗಂಡ್ರೆ ವ್ಯಾಪಾರ ಆತಾ?”

ಆಮೇಲೆ ಅವರೇ ಪರೀಕ್ಷೆಗೆ ಇಳಿದರು. ಪುಸ್ತಕವನ್ನು ಅಂಗೈಯಲ್ಲಿ ಇಟ್ಟು ತೂಕ ನೋಡಿದರು, ಮೂಸಿದರು, ಬೆರಳಿನಿಂದ ರಟ್ಟಿಗೆ ಕುಟ್ಟಿದರು. ಓದುವುದಕ್ಕೆ ಮಾತ್ರ ನೇರ ನಡುವಿನ ಪುಟವನ್ನೇ ತೆರೆದರು.

“ಅಜ್ಜ, ಮೊದಲಿಂದ ಓದಿ ನೋಡಿ, ಇಲ್ದಿದ್ರೆ ಗೊತ್ತಾಗ್ತಿಲ್ಲೆ,” ಅಂದೆ.

“ಚೀಲದ ಮೇಲೆ ಎಲ್ಲರೂ ಚೊಲೋ ಅಡಿಕೇನೇ ಇಡ್ತ. ಮಧ್ಯ ಕೈ ಹಾಕಿ ತೆಗೆಯವು. ಮಾಲು ಎಂತದು ಹೇಳಿ ಅಲ್ಲಿ ಗೊತ್ತಾಗ್ತು.”

ಮೊದಲನೆಯ ಪುಸ್ತಕದ ನಡುವಿನ ನಾಲ್ಕು ಸಾಲು ಓದಿ, “ಇದು ಬೆಳೆದಿದ್ದಿಲ್ಲೆ, ಎಳತ್ತು” ಅಂತ ಬದಿಗಿಟ್ಟರು. ಎರಡನೆಯದರಲ್ಲಿ ಪುಟಪುಟಕ್ಕೂ ಉಪದೇಶ. “ಬಿಳಿಗೋಟು” ಅಂದರು. ಬಿಳಿಗೋಟು ಅಂದರೆ ಕಡಿಮೆ ದರ್ಜೆಯ ಅಡಿಕೆ. ಬರೆದವರು ಅಲ್ಲಿ ಇರಲಿಲ್ಲವಲ್ಲ ಅಂತ ನಾನು ದೇವರಿಗೆ ಕೈಮುಗಿದೆ.

ಮೂರನೆಯದು ಗುಹೆಯೊಳಗೆ ಸಿಕ್ಕಿಬಿದ್ದ ಮಕ್ಕಳ ಕಥೆ. ಅಜ್ಜ ನಡುವಿನ ಪುಟಕ್ಕೆ ಕೈ ಹಾಕಿದರು, ಕೈ ವಾಪಸ್ ಬರಲಿಲ್ಲ. ನಿಂತಲ್ಲೇ ಪುಟ ತಿರುವಿದರು. ಸ್ವಲ್ಪ ಹೊತ್ತಿಗೆ ಸ್ಟೂಲು ಎಳೆದು ಕೂತರು. ನಡುವಿನಿಂದ ಕೊನೆ ಮುಟ್ಟಿ, ಅಲ್ಲಿಂದ ಮೊದಲ ಪುಟಕ್ಕೆ ಹಾರಿ, ಮತ್ತೆ ನಡುವಿಗೆ ಬಂದರು. ಅಷ್ಟರಲ್ಲಿ ಬಸ್ಸು ಹೋಯಿತು. ನಾನು ಹೇಳಿದರೂ ಅವರಿಗೆ ಕೇಳಿಸಲಿಲ್ಲ, ಮಕ್ಕಳು ಇನ್ನೂ ಗುಹೆಯಲ್ಲೇ ಇದ್ದರು.

ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು ಎದ್ದರು. “ಅಡ್ಡಿಲ್ಲೆ. ಮಾಲು ಸರಿ ಇದ್ದು.”

“ಹಂಗಾರೆ ಇದನ್ನ ಮೊಮ್ಮಗಂಗೆ ಕಟ್ಟಿಕೊಡ್ಲ?”

ಅಜ್ಜ ಪುಸ್ತಕವನ್ನು ಕೊಡೆಯ ಜೊತೆ ಭದ್ರವಾಗಿ ಕಂಕುಳಿಗೆ ಸೇರಿಸಿ, ತಮ್ಮ ಎದೆ ತಟ್ಟಿಕೊಂಡರು. “ಇದು ಎಂಗೆ ಆತು. ಅವಂಗೆ ಎಂತಾರೂ ಒಂದು ಕೊಡು ಮಾರಾಯ್ತಿ, ಹ್ಯಾಂಗಿದ್ರೂ ಅಂವ ಓದ್ತ್ನಿಲ್ಲೆ.”

ಹುಡುಗ ಇರಬಾರದು

ಯಲ್ಲಾಪುರದಲ್ಲಿ ಒಂದು ಶಾಲೆಯ ಗ್ಯಾದರಿಂಗಿಗೆ ಮೇಜು ಹಾಕಿಕೊಂಡು ಕೂತಿದ್ದೆ. ಹೆದ್ದಾರಿಯ ಬದಿ ಲಾರಿ ನಿಲ್ಲಿಸಿ ಡ್ರೈವರ್ ಒಬ್ಬ ಬಂದ. ಹುಬ್ಬಳ್ಳಿ ಕಡೆಯಿಂದ ಬಂದು ಇಲ್ಲೇ ಮನೆ ಮಾಡಿದವನು. ಗಟ್ಟಿ ಆಳು, ದೊಡ್ಡ ಮೀಸೆ, ದನಿ ಮಾತ್ರ ಮೆತ್ತಗೆ.

“ಅಕ್ಕಾರ, ನನ್ನ ಮಗಳಿಗೆ ಒಂದ ಪುಸ್ತಕ ಕೊಡ್ರಿ. ಒಂಬತ್ತನೇ ಕ್ಲಾಸಿನ್ಯಾಗ ಅದಾಳ. ಆದ್ರ ಅದರಾಗ ಹುಡುಗ ಇರಬಾರದ ನೋಡ್ರಿ.”

“ಹುಡುಗ ಅಂದ್ರೆ?”

“ಹುಡುಗ ಅಂದ್ರ ಹುಡುಗರೀ. ವಯಸ್ಸ ಚಲೋ ಅಲ್ಲ. ಓದಿ ತಲಿ ಕೆಡಿಸ್ಕೊಂಡಗಿಂಡಾಳು.”

ಇಬ್ಬರೂ ಸೇರಿ ಹುಡುಕಿದೆವು. ಪತ್ತೇದಾರಿ ಕಥೆ ತೆಗೆದರೆ ಅದರಲ್ಲಿ ಇಬ್ಬರು ಹುಡುಗರು. ಕಾಡಿನ ಕಥೆಯಲ್ಲಿ ದನ ಕಾಯುವ ಹುಡುಗ. ರಾಜಕುಮಾರಿಯ ಕಥೆ ತೋರಿಸಿದೆ. “ರಾಜಕುಮಾರಿ ಇದ್ದಲ್ಲಿ ರಾಜಕುಮಾರ ಬಂದೇ ಬರ್ತಾನಲ್ರಿ” ಅಂದ. ಅವನ ಅನುಭವವೂ ಸುಳ್ಳಲ್ಲ. ಚಂದ್ರಲೋಕಕ್ಕೆ ಹೋಗುವ ಕಥೆ ತೆಗೆದರೆ ಅಲ್ಲಿಯೂ ರಾಕೆಟ್ಟಿನೊಳಗೆ ಒಬ್ಬ ಹುಡುಗ ಕೂತಿದ್ದ.

“ಮಗಳಿಗೆ ಏನು ಇಷ್ಟ ಅಂತ ಕೇಳಿದ್ದೀರಾ?” ಅಂದೆ.

“ಆಕಿನ್ನ ಏನ ಕೇಳೋದ್ರಿ? ಓದಾಕಿ ಆಕಿ, ಆರಿಸಾಂವ ನಾನು.”

ಕೊನೆಗೆ ಹಕ್ಕಿಗಳ ಪುಸ್ತಕ ಸಿಕ್ಕಿತು. ಬಣ್ಣಬಣ್ಣದ ಚಿತ್ರ, ಒಬ್ಬ ಮನುಷ್ಯನೂ ಇಲ್ಲ. ಡ್ರೈವರ್ ಪುಟ ಪುಟ ತಿರುವಿ ನೋಡಿ ಖುಷಿಯಿಂದ ಒಯ್ದ.

ಮುಂದಿನ ಸಲ ಯಲ್ಲಾಪುರಕ್ಕೆ ಹೋದಾಗ ಅದೇ ಪುಸ್ತಕ ಹಿಡಿದುಕೊಂಡು ಮತ್ತೆ ಬಂದ. ಮುಖ ಸಣ್ಣಗಾಗಿತ್ತು. ನಡುವಿನ ಒಂದು ಪುಟ ತೆರೆದು ನನ್ನ ಮುಂದೆ ಇಟ್ಟ. ಗಂಡು ನವಿಲು ಗರಿಬಿಚ್ಚಿ ಕುಣಿದು ಹೆಣ್ಣನ್ನು ಒಲಿಸಿಕೊಳ್ಳುವ ವರ್ಣನೆ ಅಲ್ಲಿತ್ತು.

“ನೋಡ್ರಿ ಅಕ್ಕಾರ, ಹಕ್ಕಿ ಒಳಗೂ ಅದ ನಡದೈತಿ!”

ಈ ಸಲ ಮಗಳೂ ಜೊತೆಗೆ ಬಂದಿದ್ದಳು. ಎರಡು ಜಡೆಯ ಗಟ್ಟಿಗಿತ್ತಿ. ಅಪ್ಪನ ಮಾತಿಗೆ ಹಣೆ ಚಚ್ಚಿಕೊಂಡಳು. “ಅಪ್ಪಾ, ನಂಗ ಹುಡುಗನೂ ಬ್ಯಾಡ, ನವಿಲೂ ಬ್ಯಾಡ. ಎಂಜಿನ್ ಹೆಂಗ ಕೆಲಸ ಮಾಡ್ತೈತಿ ಅನ್ನೂ ಪುಸ್ತಕ ಕೊಡಸು ಅಂತ ಮೊದಲಿಂದ ಬಡ್ಕೊಳ್ಳಾಕತ್ತೇನಿ. ಘಟ್ಟದಾಗ ನಿನ್ನ ಲಾರಿ ಕೆಟ್ಟ ನಿಂತಾಗ ನೀ ಬರೇ ಬಾನೆಟ್ ಎತ್ತಿ ನೋಡ್ತಿ, ನಿನಗ ಏನೂ ಗೊತ್ತಾಗಂಗಿಲ್ಲ.”

ಡ್ರೈವರ್ ಸುತ್ತ ನೋಡಿ, ನನ್ನ ಕಡೆ ಬಗ್ಗಿ ದನಿ ಇಳಿಸಿದ. “ಅದ ಕೊಡ್ರಿ ಅಕ್ಕಾರ. ಆದ್ರ ನಮ್ಮ ಕ್ಲೀನರಗ ಹೇಳಬ್ಯಾಡ್ರಿ.”

ಅಳಿಲಿನ ಪೀಠಿಕೆ

ಶಿರಸಿಯಲ್ಲೇ ಒಬ್ಬರು ಬ್ಯಾಂಕಿನವರಿದ್ದಾರೆ. ಹಗಲು ಬ್ಯಾಂಕು, ಶನಿವಾರ ಬಂತೆಂದರೆ ತಾಳಮದ್ದಲೆ. ವೇಷ ಗೀಷ ಏನೂ ಇಲ್ಲದೆ ಕೂತಲ್ಲೇ ರಾಮನೋ ರಾವಣನೋ ಆಗಿ ಅರ್ಥ ಹೇಳುವ ಹವ್ಯಾಸ. ಭಾಗವತರು ಎರಡು ಸಾಲು ಪದ್ಯ ಹಾಡಿದರೆ ಇವರು ಒಂದು ತಾಸು ಮಾತಾಡುತ್ತಾರೆ. ಸಭೆಯಲ್ಲಿ ಅದಕ್ಕೆ ಚಪ್ಪಾಳೆ ಬೀಳುತ್ತದೆ. ಮನೆಯಲ್ಲಿ ಏನು ಬೀಳುತ್ತದೆ ಅನ್ನುವುದು ಅವರ ಹೆಂಡತಿ ಅಂಗಡಿಗೆ ಬಂದ ದಿನ ಗೊತ್ತಾಯಿತು.

ಅವರ ಆರು ವರ್ಷದ ಮಗಳಿಗೆ ನಾನೇ ಒಂದು ಚಿತ್ರದ ಪುಸ್ತಕ ಕೊಟ್ಟಿದ್ದೆ. ಸ್ನಾನ ಅಂದರೆ ಓಡುವ ಅಳಿಲು ಮರಿಯ ಕಥೆ. ಪುಟಕ್ಕೊಂದೇ ಸಾಲು. ಐದು ನಿಮಿಷದ ಓದು. ಊಟ ಆದಮೇಲೆ ಅಪ್ಪ ಓದಿ ಹೇಳುವುದು ಅಂತ ಒಪ್ಪಂದವಾಗಿತ್ತಂತೆ.

“ಎಂತ ಹೇಳದು ಅಕ್ಕಾ,” ಅಂತ ಆಕೆ ಕುರ್ಚಿಯಲ್ಲಿ ಕುಸಿದರು. “ಮೊದಲ್ನೇ ಪುಟದಲ್ಲಿ ‘ಬಾ ಮರಿ, ಸ್ನಾನ ಮಾಡು’ ಹೇಳಿ ಇದ್ದು, ಅಷ್ಟೇಯ. ಇವರು ಪುಸ್ತಕ ಮುಚ್ಚಿ ಇಟ್ಟು ಶುರು ಮಾಡಿದ್ದ. ‘ಎಲೈ ಮರಿಯೇ, ಸ್ನಾನವೆಂದರೆ ಏನೆಂದು ಬಲ್ಲೆ? ಅದು ದೇಹಕ್ಕೋ, ಮನಸ್ಸಿಗೋ?’ ಅರ್ಧ ತಾಸು ಅಳಿಲಿನ ಅಮ್ಮ ಆಗಿ ಮಾತಾಡಿದ್ದ. ಆಮೇಲೆ ಅವರೇ ಮರಿ ಆಗಿ, ‘ಅಮ್ಮಾ, ನಿನ್ನ ಮಾತಿನಲ್ಲಿ ಮೂರು ದೋಷಗಳಿವೆ’ ಹೇಳಿ ವಾದಕ್ಕೆ ನಿಂತಿದ್ದ.”

“ಕೂಸು ಎಂತ ಹೇಳ್ಚು?”

“‘ಅಪ್ಪಯ್ಯ, ಅಳಿಲು ಬಚ್ಚಲಿಗೆ ಯಾವಾಗ ಹೋಗ್ತು?’ ಹೇಳಿ ಕೇಳ್ಚು. ‘ತಡಿ ಕೂಸೆ, ಇನ್ನೂ ಪೀಠಿಕೆ ಮುಗಿದಿದ್ದಿಲ್ಲೆ’ ಹೇಳಿದ್ದ. ವಾರ ಆತು, ಅಳಿಲು ಇನ್ನೂ ಮಿಂದಿದ್ದಿಲ್ಲೆ. ಅದು ಮೀಯದೇ ಆನು ಮೀಯ್ತಿಲ್ಲೆ ಹೇಳಿ ಈಗ ಕೂಸೂ ಹಟ ಹಿಡದ್ದು.”

ನಾನು ಬಹಳ ಯೋಚನೆ ಮಾಡಿ, ಅಳಿಲಿನ ಪುಸ್ತಕ ವಾಪಸ್ ತೆಗೆದುಕೊಂಡು, ಅಕ್ಷರವೇ ಇಲ್ಲದ ಚಿತ್ರದ ಪುಸ್ತಕ ಒಂದನ್ನು ಕೊಟ್ಟೆ. ಮೊದಲಿಂದ ಕೊನೆಯವರೆಗೆ ಬರೀ ಚಿತ್ರ. ಪದ್ಯವೇ ಇಲ್ಲದಿದ್ದರೆ ಅರ್ಥ ಎಲ್ಲಿಂದ ಹೇಳುತ್ತಾರೆ? ನನ್ನ ಬುದ್ಧಿಗೆ ನಾನೇ ಶಭಾಸ್ ಅಂದುಕೊಂಡೆ.

ಮುಂದಿನ ವಾರ ಆಕೆ ಮತ್ತೆ ಬಂದರು. ಕಣ್ಣಿನ ಸುತ್ತ ಕಪ್ಪಾಗಿತ್ತು.

“ಅಕ್ಕಾ, ಆ ಅಳಿಲಿನ ಪುಸ್ತಕನೇ ವಾಪಸ್ ಕೊಡಿ. ಅದರಲ್ಲಿ ಒಂದು ಸಾಲಾದ್ರೂ ಇತ್ತು, ಇವರು ಅದನ್ನ ಬಿಟ್ಟು ಹೊರಗೆ ಹೋಗ್ತಿದ್ವಿಲ್ಲೆ. ಈಗ ಬೇಲಿನೇ ಇಲ್ಲೆ.”

ಮುಟ್ಟಬೇಡ

ಊರಿನವರ ಕಥೆ ಹೇಳಿದ್ದಾಯಿತು, ನನ್ನ ಮನೆಯದನ್ನೂ ಹೇಳಬೇಕಲ್ಲ.

ಮಗಳನ್ನು ಓದಿಸಲು ನಾನು ಮಾಡದ ಉಪಾಯವಿಲ್ಲ. ಅವಳು ಕೂರುವಲ್ಲಿ, ಮಲಗುವಲ್ಲಿ, ಫ್ರಿಜ್ಜಿನ ಮೇಲೆ, ಕನ್ನಡಿಯ ಮುಂದೆ ಪುಸ್ತಕ ಇಟ್ಟೆ. ಅವಳು ಅವುಗಳನ್ನೆಲ್ಲ ನೀಟಾಗಿ ಒಟ್ಟುಮಾಡಿ, ಅದರ ಮೇಲೆ ಮೊಬೈಲ್ ನಿಲ್ಲಿಸಿಕೊಂಡು ವಿಡಿಯೋ ನೋಡಿದಳು. ಎತ್ತರ ಸರಿಯಾಗುತ್ತದಂತೆ.

ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ಒಬ್ಬರು ಉಪಾಯ ಹೇಳಿಕೊಟ್ಟರು. “ಬೇಡ ಅಂದದ್ದೇ ಮಕ್ಕಳಿಗೆ ಬೇಕು. ಒಂದು ಪುಸ್ತಕ ಮುಟ್ಟಬೇಡ ಅಂತ ಹೇಳಿ ನೋಡು.”

ಸರಿ ಅಂತ ಹಾಳು ಬಂಗಲೆಯೊಂದರ ಪತ್ತೇದಾರಿ ಕಥೆ ತಂದೆ. ಊಟಕ್ಕೆ ಕೂತಾಗ ಎಲ್ಲರೆದುರಿಗೆ ಅದನ್ನು ಎತ್ತಿ ಹಿಡಿದು, “ಇದು ದೊಡ್ಡವರು ಓದ ಪುಸ್ತಕ. ನೀನು ಮುಟ್ಟಲಾಗ” ಅಂತ ಮಗಳಿಗೆ ತಾಕೀತು ಮಾಡಿದೆ. ಆಮೇಲೆ ಬಾಗಿಲ ಮೇಲಿನ ನಾಗಂದಿಗೆಯಲ್ಲಿ, ಅರ್ಧ ಹೊರಗೆ ಕಾಣುವ ಹಾಗೆ ಇಟ್ಟೆ.

ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ಕೇಳದ ಮಗಳು ಅದೊಂದು ಮಾತನ್ನು ಚಾಚೂತಪ್ಪದೆ ಪಾಲಿಸಿದಳು. ಆ ಕಡೆ ಕತ್ತೆತ್ತಿಯೂ ನೋಡಲಿಲ್ಲ.

ನಾನು ಆಸೆ ಬಿಟ್ಟಿದ್ದೆ. ಒಂದು ಮಧ್ಯಾಹ್ನ ನೋಡುತ್ತೇನೆ, ನಾಗಂದಿಗೆ ಖಾಲಿ! ಅಂತೂ ಉಪಾಯ ಫಲಿಸಿತು ಅಂದುಕೊಂಡೆ. ಸದ್ದು ಮಾಡದೆ ಮಗಳ ಕೋಣೆಗೆ ಇಣುಕಿದೆ. ಅವಳು ಮೊಬೈಲಿನಲ್ಲಿ ಯಾರೋ ಕೇಕ್ ಕತ್ತರಿಸುವುದನ್ನು ನೋಡುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನನ್ನ ಅತ್ತೆ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಜಪ ಮಾಡುವ ಹೊತ್ತು. ಹೊದಿಕೆಯೊಳಗೆ ಏನೋ ಚರಚರ ಸದ್ದು. ಹತ್ತಿರ ಹೋದರೆ ಒಳಗೆ ಕನ್ನಡಕ, ಅದರೆದುರು ಹಾಳು ಬಂಗಲೆ.

“ಅತ್ತೆ, ಇದೆಂತದು?”

ಅತ್ತೆ ಪುಟದಿಂದ ಕಣ್ಣು ತೆಗೆಯಲಿಲ್ಲ. “ಮುಟ್ಟಲಾಗ ಹೇಳಿದ್ದು ಕೂಸಿಗೆ ಅಲ್ದಾ? ಎಂಗೆ ಹೇಳಿದ್ದಿಲ್ಲೆ.” ಮತ್ತೆ ಒಂದು ಪುಟ ತಿರುವಿ, “ಬಾಗ್ಲು ಎಳಕಂಡು ಹೋಗು. ಈಗ ಅಡುಗೆಯವ ಸಿಕ್ಕಿಬೀಳ್ತ” ಅಂದರು.

ಪಾಲಕರ ಸಭೆ

ಹೆದರಿಕೊಂಡಿದ್ದ ದಿನ ಸಿದ್ದಾಪುರದ ಒಂದು ಶಾಲೆಯಲ್ಲಿ ಬಂತು. ‘ಮನೆಯಲ್ಲಿ ಮಕ್ಕಳು ಓದುವಂತೆ ಮಾಡುವುದು ಹೇಗೆ’ ಅಂತ ಪಾಲಕರಿಗೆ ನಾನು ಹೇಳಬೇಕು, ಶಾಲೆಯ ಮಕ್ಕಳೂ ಕೂತಿರುತ್ತಾರೆ. ಅತ್ತೆ ನೆಂಟರ ಮನೆಗೆ ಹೋಗಿದ್ದರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಮಗಳನ್ನೂ ಕರೆದುಕೊಂಡು ಹೋದೆ. ಹಿಂದಿನ ಸಾಲಿನಲ್ಲಿ ಕೂತಿರು, ತುಟಿ ಬಿಚ್ಚಬೇಡ ಅಂತ ದಾರಿಯುದ್ದಕ್ಕೂ ಹೇಳಿದ್ದೆ.

ಭಾಷಣ ಚೆನ್ನಾಗಿಯೇ ಆಯಿತು. ಪಾಲಕರು ತಲೆದೂಗಿದರು. ಇಳಿಯಬೇಕು ಅನ್ನುವಾಗ ಮುಂದಿನ ಸಾಲಿನ ತಾಯಿಯೊಬ್ಬರು ಎದ್ದರು. “ಪುಸ್ತಕದಕ್ಕ, ನಿಮ್ಮ ಮಗಳು ಯಾವ ಯಾವ ಪುಸ್ತಕ ಓದ್ತಾಳೆ ಹೇಳಿ, ನಾವೂ ಅದನ್ನೇ ತಗೊಳ್ತೇವೆ.”

“ಅವಳು... ಎಲ್ಲಾ ಥರದ್ದೂ...” ಅಂತ ನಾನು ತಡವರಿಸುವಷ್ಟರಲ್ಲಿ ಹೆಡ್‌ಮಾಸ್ತರರಿಗೆ ಉತ್ಸಾಹ ಬಂತು. “ಮಗಳೇ ಬಂದಿದ್ದಾಳಲ್ಲ, ಅವಳೇ ಹೇಳಲಿ!” ಅಂದವರೇ ಮೈಕನ್ನು ಅವಳ ಕೈಗೆ ಕೊಡಿಸಿದರು.

ಮಗಳು ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ ಕೈಮುಗಿದೆ.

“ಅಮ್ಮ ಕೊಟ್ಟ ಪುಸ್ತಕ ನಾನು ಒಂದೂ ಓದಿಲ್ಲ,” ಅಂದಳು.

ಭೂಮಿ ಬಾಯಿಬಿಟ್ಟಿದ್ದರೆ ಪೆಟ್ಟಿಗೆ ಸಮೇತ ಒಳಗೆ ಹೋಗುತ್ತಿದ್ದೆ.

“ಯಾಕೆ ಮಗಾ?” ಅಂದರು ಹೆಡ್‌ಮಾಸ್ತರರು.

“ಅಂಗಡಿಗೆ ಬಂದವರಿಗೆ ಅಮ್ಮ ಅರ್ಧ ಕಥೆ ಹೇಳಿ ನಿಲ್ಲಿಸ್ತಾಳೆ. ನಂಗೆ ಮಾತ್ರ ಪೂರ್ತಿ ಹೇಳ್ತಾಳೆ. ‘ಇದು ಬಹಳ ಚೊಲೋ ಇದೆ, ಓದು’ ಅಂತ ದೋಸೆ ಎರೆಯುವಾಗ ಶುರು. ಜಡೆ ಹಾಕುವಾಗ ಕಳ್ಳ ಬರ್ತಾನೆ. ನಾನು ಶೂ ಹಾಕೋದ್ರೊಳಗೆ ಕಳ್ಳ ಸಿಕ್ಕಿಬಿದ್ದಿರ್ತಾನೆ. ಆಮೇಲೆ ಪುಸ್ತಕ ಕೈಗೆ ಕೊಡ್ತಾಳೆ. ಓದೋಕೆ ಏನು ಉಳೀತು?”

ಮಕ್ಕಳು ಬೆಂಚು ಕುಟ್ಟಿ ನಕ್ಕರು. “ನಮ್ಮನೇಲೂ ಹಂಗೇ!” ಅಂತ ಒಬ್ಬ ಕೂಗಿದ. ಅವನ ಅಪ್ಪ ತಲೆ ತಗ್ಗಿಸಿದ. ನಗು ನಿಂತ ಮೇಲೆ ಹೆಡ್‌ಮಾಸ್ತರರು ತೀರ್ಪು ಕೊಟ್ಟರು. “ಹಂಗಾದ್ರೆ ಇವತ್ತು ಮಕ್ಕಳೇ ಆರಿಸಲಿ. ಪಾಲಕರೆಲ್ಲ ಹೊರಗೆ ಹೋಗಿ ಚಾ ಕುಡೀರಿ. ಪುಸ್ತಕದಕ್ಕ, ನೀವೂ ಹೊರಗೆ.”

ನನ್ನ ಪುಸ್ತಕ, ನನ್ನ ಪೆಟ್ಟಿಗೆ, ನಾನು ಹೊರಗೆ! ಕಿಟಕಿಯಿಂದ ಇಣುಕಿದೆ. ನಾನು ವರ್ಷಗಟ್ಟಲೆ ಯಾರಿಗೂ ಕೊಡದೆ ತಳದಲ್ಲಿಟ್ಟಿದ್ದ ಪುಸ್ತಕಗಳಿಗೆ ಜಗಳ ಬಿದ್ದಿತ್ತು. ಪೆಟ್ಟಿಗೆ ಖಾಲಿಯಾಯಿತು. ವಾಪಸ್ ಹೊರಡುವಾಗ ಮಗಳ ಕೈಯಲ್ಲೂ ಒಂದು ಪುಸ್ತಕ ಇತ್ತು. ಹೆಡ್‌ಮಾಸ್ತರರ ಸೈಕಲ್ ಕಳುವಾಗಿ, ಮೂರು ಮಕ್ಕಳು ಅದನ್ನು ಹುಡುಕುವ ಕಥೆ. ನನಗೆ ಕಂಠಪಾಠ. “ಅಮ್ಮಾ, ಒಂದು ಮಾತೂ ಆಡಲಾಗ” ಅಂದಳು. ಶಿರಸಿ ಮುಟ್ಟುವವರೆಗೆ ನಾಲಿಗೆ ಕಚ್ಚಿಕೊಂಡು ಕೂತೆ.

ಮರುದಿನ ಸಂಜೆ ಅಂಗಡಿಯಲ್ಲಿ ತಾಯಿ ಮತ್ತು ಮಗ ನಿಂತಿದ್ದರು. ಅದೇ ಸೈಕಲ್ ಕಥೆಯ ಇನ್ನೊಂದು ಪ್ರತಿ ತೋರಿಸಿ, ಅರ್ಧ ಹೇಳಿ ನಿಲ್ಲಿಸಿದ್ದೆ. ಆ ಹುಡುಗ ಪುಸ್ತಕವನ್ನು ಎದೆಗೆ ಅವಚಿಕೊಂಡಿದ್ದ. ಅಷ್ಟರಲ್ಲಿ ನನ್ನ ಮಗಳು ಓಡಿ ಬಂದಳು. ಚಪ್ಪಲಿ ಒಂದು ಕಡೆ, ಜಡೆ ಒಂದು ಕಡೆ.

“ಅಮ್ಮಾ, ಓದಿ ಮುಗತ್ತು! ಸೈಕಲ್ ಕದ್ದಿದ್ದು ಯಾರು ಗೊತ್ತಿದ್ದಾ?”

ನನಗೆ ಎಲ್ಲ ಮರೆತುಹೋಯಿತು. ಅಂಗಡಿ, ಗಿರಾಕಿ, ಆ ಹುಡುಗ, ಎಲ್ಲ. ಇಷ್ಟು ವರ್ಷ ಈ ಒಂದು ಮಾತಿಗೆ ಕಾದಿದ್ದೆ. “ಇಲ್ಲೆ ಮಗಾ, ಗೊತ್ತಿಲ್ಲೆ. ಹೇಳು,” ಅಂದೆ.

ಅವಳು ಮೇಜಿನ ಮೇಲೆ ಹತ್ತಿ ಕೂತು, ಮೊದಲ ಪುಟದಿಂದ ಹೇಳಿದಳು. ಕೈ ತಿರುಗಿಸಿ, ಕಣ್ಣು ಅರಳಿಸಿ, ದನಿ ಬದಲಿಸಿ ಹೇಳಿದಳು. “ಕದ್ದಿದ್ದು ಹೆಡ್‌ಮಾಸ್ತರೇ ಅಮ್ಮಾ! ಅವರಿಗೆ ಸೈಕಲ್ ಹೊಡೆಯಲೇ ಬತ್ತಿಲ್ಲೆ! ಮಾನ ಹೋಗ್ತು ಹೇಳಿ ಅವರೇ ಕೆರೆಗೆ ಹಾಕಿದ್ದ!” ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಸೆರಗಿನಿಂದ ಒರೆಸಿಕೊಂಡು ತಿರುಗಿದರೆ, ಗಿರಾಕಿಗಳು ಅಲ್ಲೇ ನಿಂತಿದ್ದಾರೆ. ಆ ಹುಡುಗ ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲೆ ವಾಪಸ್ ಇಡುತ್ತಿದ್ದಾನೆ.

ಅವನ ತಾಯಿ ನಿಟ್ಟುಸಿರು ಬಿಟ್ಟರು. “ಪುಸ್ತಕದಕ್ಕ, ಇದು ಬ್ಯಾಡ ಬಿಡಿ, ಕಥೆ ಪೂರ್ತಿ ಆಯ್ತಲ್ಲ. ನಿಮ್ಮ ಮಗಳು ಓದದೇ ಇರೋ ಪುಸ್ತಕ ಯಾವುದಾದ್ರೂ ಇದ್ರೆ ಕೊಡಿ.”

ನಾನು ಎದ್ದು ನಿಂತು, ನೆಲದಿಂದ ಸೂರಿನವರೆಗೆ ಇದ್ದ ಕಪಾಟುಗಳನ್ನೆಲ್ಲ ಕೈಬೀಸಿ ತೋರಿಸಿದೆ. “ಬನ್ನಿ, ಯಾವುದು ಬೇಕಾದ್ರೂ ತಗೊಳ್ಳಿ!”